ಕಾಡಿಗೆ ಹೋಗಬೇಡಿ ಎಂದರೆ ಸಾಲದು

ಮಲೆನಾಡಿನ ಅಡಿಕೆ ತೋಟ ಉಸಿರಾಡುವುದು ಅದರ ಬೆನ್ನಿಗಿರುವ ಕಾಡಿನಿಂದ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುವ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ, ಅದೇ ಕೊಳೆತು ಮರಗಳ ಬುಡ ಸೇರುವ ಗೊಬ್ಬರ, ಹಂಡೆಯೊಲೆಗೆ ಬೇಕಾದ ಕಟ್ಟಿಗೆ ಎಲ್ಲವೂ ಸೊಪ್ಪಿನ ಬೆಟ್ಟದಿಂದಲೇ ಇಳಿದು ಬರಬೇಕು. ಎಲೆ ಉದುರುವುದು ಚಳಿ ಹಿಂದೆ ಸರಿಯುವ ಹೊತ್ತಿಗೆ. ಜನವರಿಯಿಂದ ಮಾರ್ಚ್‌ವರೆಗೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಹೆಂಗಸರು ಕಾಡಿನ ನೆಲವನ್ನು ಅಂಗಳದಂತೆ ಗುಡಿಸಿ, ದರಕನ್ನು ಬುಟ್ಟಿಗೆ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಮಂಗನ ಕಾಯಿಲೆ ಹರಡುವ ಉಣುಗಿನ ಮರಿಗಳು ಅದೇ ನೆಲದಲ್ಲಿ ಹಸಿದು ಕಾದಿರುವುದೂ ಇದೇ ತಿಂಗಳುಗಳಲ್ಲಿ. ಪ್ರತಿ ವರ್ಷ ಈ ಹೊತ್ತಿಗೆ ಊರ ಹೆಬ್ಬಾಗಿಲಲ್ಲಿ ಕಾಣುವ, ಧ್ವನಿವರ್ಧಕದಲ್ಲಿ ಕೇಳುವ ಮೊದಲ ಎಚ್ಚರಿಕೆ ಒಂದೇ: ಕಾಡಿಗೆ ಹೋಗಬೇಡಿ. ಹೋಗದೆ ಗತಿಯಿಲ್ಲದವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಉಣುಗು ಕಚ್ಚದಂತೆ ಕಾಡಿಗೆ ಹೋಗಿ ಬರುವುದು ಸಾಧ್ಯ, ಅದನ್ನು ಕಲಿಯಬಹುದು, ಕಲಿಸಬಹುದು. ಹೊಲಕ್ಕೆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಹೇಗೆ ಕೆಲಸದ ಭಾಗವೋ ಇದೂ ಹಾಗೆಯೇ ಆಗಬೇಕು, ಅದಕ್ಕೆ ತಗಲುವ ಖರ್ಚನ್ನು ಸರ್ಕಾರ ಹೊರಬೇಕು ಎಂಬುದು ಈ ಲೇಖನದ ವಾದ.

ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಎಂಬ ಇನ್ನೊಂದು ಹೆಸರು ಬಂದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ. 1957ರಲ್ಲಿ ಅಲ್ಲಿ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ ಬಂತು. ಮಂಗ ಸಾಯುವುದನ್ನು ಕಂಡು ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿ ತೆಗೆದದ್ದು ಬೇರೆಯೇ ವೈರಾಣು, ಸೊಳ್ಳೆಗೆ ಬದಲು ಉಣುಗಿನ ಮೂಲಕ ಹರಡುವಂಥದ್ದು. ಈಗ ಪುಣೆಯ ಆ ಕೇಂದ್ರವೇ ರಾಷ್ಟ್ರೀಯ ವೈರಾಣು ಸಂಸ್ಥೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ಮದ್ದು ಇವತ್ತಿಗೂ ಇಲ್ಲ. ಲಸಿಕೆಯೊಂದಿತ್ತು. ಎರಡು ಚುಚ್ಚುಮದ್ದು ಪಡೆದವರಲ್ಲಿ ಅದರ ರಕ್ಷಣೆ ಶೇ 62ರಷ್ಟು, ವರ್ಧಕವನ್ನೂ ಪಡೆದವರಲ್ಲಿ ಶೇ 83ರಷ್ಟು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತ್ತು. ಮುಂದೆ ಅದರ ಶಕ್ತಿ ಕುಂದಿದ್ದು ಖಚಿತವಾಗಿ, 2022ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಊರಿನ ಆರೋಗ್ಯ ಕೇಂದ್ರಕ್ಕೆ ಬಂದು ಎಲ್ಲರ ತೋಳಿಗೂ ತಲುಪುವ ತನಕ ಕಚ್ಚಿಸಿಕೊಳ್ಳದೆ ಇರುವುದಕ್ಕಿಂತ ದೊಡ್ಡ ರಕ್ಷಣೆ ಯಾರ ಕೈಯಲ್ಲೂ ಇಲ್ಲ.

ಕಚ್ಚಿಸಿಕೊಳ್ಳದಿರಬೇಕಾದರೆ ಕಚ್ಚುವ ಜೀವವನ್ನು ಹತ್ತಿರದಿಂದ ನೋಡಬೇಕು. ಈ ಕಾಯಿಲೆಯಲ್ಲಿ ಮುಖ್ಯ ಪಾತ್ರ ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬ ಕಾಡು ಉಣುಗಿನದು. ಅದು ಬದುಕಿನಲ್ಲಿ ಮೂರೇ ಸಲ ರಕ್ತ ಕುಡಿಯುತ್ತದೆ, ಪ್ರತಿ ಸಲವೂ ಬೇರೆ ಪ್ರಾಣಿಯ ಮೈ ಹತ್ತುತ್ತದೆ. ಮಳೆಗಾಲದಲ್ಲಿ ಬೆಳೆದ ಉಣುಗು ದನ, ಕಡವೆ, ಕಾಡುಕೋಣದಂಥ ದೊಡ್ಡ ಮೈಗಳನ್ನು ಸೇರಿ, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬಿದ್ದು, ಎಲೆಯಡಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದು ಹೊರಬರುವ ಆರು ಕಾಲಿನ ಕಣದಂಥ ಮರಿಗಳು ಇಲಿ, ಹಕ್ಕಿ, ಮಂಗಗಳ ಮೈಯಲ್ಲಿ ಮೊದಲ ಊಟ ಮುಗಿಸಿ ಉದುರುತ್ತವೆ. ಪೊರೆ ಕಳಚಿದಾಗ ಅವಕ್ಕೆ ಎಂಟು ಕಾಲು. ಡಿಸೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ತುಂಬಿರುವ, ಮನುಷ್ಯನಿಗೆ ಕಾಯಿಲೆ ದಾಟಿಸುವ ಹಂತ ಇದು. ಮೊದಲ ಊಟದಲ್ಲಿ ವೈರಾಣು ಸಿಕ್ಕಿದ್ದರೆ ಪೊರೆ ಕಳಚಿದ ಮೇಲೂ ಅದು ಒಡಲಲ್ಲಿ ಉಳಿಯುತ್ತದೆ, ಮುಂದಿನ ಊಟದಲ್ಲಿ ಇನ್ನೊಂದು ಮೈ ಸೇರುತ್ತದೆ.

ಈ ಮರಿ ಒಂದು ಮಿಲಿಮೀಟರಿನ ಆಸುಪಾಸಿನದು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದ ಮೇಲಿಂದ ತಲೆಗೆ ಬೀಳುವುದೂ ಇಲ್ಲ. ಒಣ ಎಲೆಯ ಅಂಚಿಗೋ ಹುಲ್ಲಿನ ತುದಿಗೋ ಏರಿ, ಹಿಂಗಾಲುಗಳಲ್ಲಿ ಹಿಡಿದು ನಿಂತು, ಮುಂಗಾಲು ಎರಡನ್ನೂ ಚಾಚಿ ಕಾಯುತ್ತದೆ. ಆ ಮುಂಗಾಲಿನ ತುದಿಯ ಪುಟ್ಟ ಗುಳಿಯಂಥ ಅಂಗ ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿ, ವಾಸನೆಯನ್ನೂ ಗುರುತಿಸುತ್ತದೆ. ಹಾದುಹೋಗುವ ಸೀರೆಯ ಅಂಚೋ ಲುಂಗಿಯ ತುದಿಯೋ ತಗುಲಿದರೆ ಸಾಕು, ಹಿಡಿದುಕೊಳ್ಳುತ್ತದೆ. ಆದರೆ ಕೂಡಲೇ ಕಚ್ಚುವುದಿಲ್ಲ. ಮೇಲಕ್ಕೆ ಹರಿದು, ಮಂಡಿಯ ಹಿಂಭಾಗ, ತೊಡೆಸಂದಿ, ಸೊಂಟದ ದಾರದಡಿ, ಕಂಕುಳು, ಕಿವಿಯ ಹಿಂದೆ ಹೀಗೆ ಚರ್ಮ ತೆಳುವಾಗಿ ಬೆವರು ನಿಲ್ಲುವ ಜಾಗ ಹುಡುಕುತ್ತದೆ. ಅದರ ಎಂಜಲಿನಲ್ಲಿ ನೋವು ತಿಳಿಯದಂತೆ ಮಾಡುವ ಅಂಶಗಳಿರುವುದರಿಂದ ಕಚ್ಚಿದ್ದು ಅರಿವಿಗೆ ಬರುವುದಿಲ್ಲ. ಬಟ್ಟೆಗೆ ತಗುಲಿದ ಘಳಿಗೆಗೂ ಚರ್ಮಕ್ಕೆ ಮೂತಿಯಿಟ್ಟ ಘಳಿಗೆಗೂ ನಡುವೆ ಹೀಗೊಂದು ಪಯಣವಿದೆ. ನಾವು ಮಾಡಬಹುದಾದ ರಕ್ಷಣೆಯೆಲ್ಲ ಆ ಪಯಣವನ್ನು ಕೆಡಿಸುವುದರಲ್ಲಿದೆ.

ಹಾಗಾದರೆ ಯಾರಿಗೆ ಹೆಚ್ಚು ಅಪಾಯ ಎಂಬುದನ್ನು ಕಾಯಿಲೆಯ ಇತಿಹಾಸವೇ ಹೇಳುತ್ತದೆ. 1982ರ ಕೊನೆಯಿಂದ 1983ರವರೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ ಹಬ್ಬಿದ ಅಲೆಯಲ್ಲಿ 1,500ಕ್ಕೂ ಹೆಚ್ಚು ಜನ ಮಲಗಿದರು, ಸುಮಾರು 150 ಮಂದಿ ತೀರಿಕೊಂಡರು. ಗೇರು ನೆಡುವುದಕ್ಕಾಗಿ ಅಲ್ಲಿ ಕಾಡು ಕಡಿಯಲಾಗಿತ್ತು. 2015ರಿಂದೀಚೆಗೆ ಗೋವಾದ ಸತ್ತರಿಯಲ್ಲಿ, ಮರುವರ್ಷ ಅದರ ಪಕ್ಕದ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಜ್ವರ ಕಾಣಿಸಿದ್ದು ಗೇರುಬೀಜ ಹೆಕ್ಕುವ ಕಾಲದಲ್ಲಿ. ಬಂಡೀಪುರದಲ್ಲಿ 2012ರಲ್ಲಿ ಕಾಯಿಲೆ ಬಿದ್ದವರು ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದ ಕೆಲಸಗಾರರು. ಶರಾವತಿ ಹಿನ್ನೀರಿನ ಬದಿಯ ಅರಳಗೋಡಿನಲ್ಲಿ 2018–19ರಲ್ಲಿ ಜೀವ ಕಳೆದುಕೊಂಡವರು ಕಾಡಿನ ಅಂಚಿನಲ್ಲೇ ಮನೆ, ತೋಟ ಇಟ್ಟುಕೊಂಡವರು. ಈ ಪಟ್ಟಿಯಲ್ಲಿ ಮೋಜಿಗೆ ಕಾಡು ಹೊಕ್ಕವರು ವಿರಳ, ದುಡಿಮೆಗೆ ಹೊಕ್ಕವರೇ ಎಲ್ಲೆಲ್ಲೂ. ಕೊಲಂಬಿಯಾದಿಂದ ಬಂದು ಇಲ್ಲಿ ಕೆಲಸ ಮಾಡಿದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬರೆದಿದ್ದರು: ಜನ ಹೆಚ್ಚಿ, ಕಾಡು ತುಂಡುತುಂಡಾಗಿ, ಅದರೊಳಗೆ ಮೇಯುವ ದನ ಹೆಚ್ಚಿದಂತೆ ಬೆಳೆದ ಉಣುಗಿಗೆ ಊಟ ಸುಲಭವಾಗಿ, ಅದರ ಸಂತತಿ ಏರುತ್ತದೆ ಎಂದು. ಮಲೆನಾಡಿನ ಬದುಕು ಕಟ್ಟಿಕೊಂಡ ಬಗೆಯೇ ಈ ಕಾಯಿಲೆಯ ಹಾದಿಯನ್ನೂ ಸವೆಸಿದೆ. ಅಪಾಯ ದುಡಿಮೆಯಿಂದ ಬಂದದ್ದಾದರೆ, ರಕ್ಷಣೆಯನ್ನೂ ದುಡಿಮೆಗೆ ಒಗ್ಗುವಂತೆಯೇ ರೂಪಿಸಬೇಕಾಗುತ್ತದೆ.

ಬಟ್ಟೆಯಿಂದ ಶುರುಮಾಡೋಣ. ದರಕು ಗುಡಿಸುವ ಹೆಂಗಸು ಸಾಮಾನ್ಯವಾಗಿ ತೊಡುವುದು ಹಳೆಯ ಸೀರೆ ಅಥವಾ ನೈಟಿ, ಮೇಲೊಂದು ಗಂಡಸರ ಅಂಗಿ, ಕಾಲಿಗೆ ಹವಾಯಿ ಚಪ್ಪಲಿ. ಉಣುಗು ಕಾಯುವ ಎತ್ತರಕ್ಕೆ ಸರಿಯಾಗಿ ಸೀರೆಯ ಅಂಚು ಎಲೆಗಳ ಮೇಲೆ ಎಳೆದಾಡುತ್ತದೆ, ಒಳಗೆ ಬರಿಗಾಲು. ಇದರ ಬದಲು ಪ್ಯಾಂಟು ತೊಟ್ಟು, ಅದರ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಗಂಬೂಟು ಹಾಕಿ, ಅಂಗಿಯನ್ನು ಸೊಂಟದೊಳಗೆ ತುರುಕಿದರೆ ಬಟ್ಟೆಗೆ ಹತ್ತಿದ ಉಣುಗು ಹೊರಗಿನಿಂದಲೇ ಮೇಲೆ ಹರಿಯಬೇಕಾಗುತ್ತದೆ. ಬಟ್ಟೆ ತಿಳಿ ಬಣ್ಣದ್ದಾದರೆ ಆ ಚುಕ್ಕೆ ಕಣ್ಣಿಗೂ ಬೀಳುತ್ತದೆ. ಗಾಢ ಬಣ್ಣದ ಬಟ್ಟೆಯಲ್ಲಿ ಕೊಳೆ ಕಾಣುವುದಿಲ್ಲ ಎಂಬುದೇ ಅದನ್ನು ಕೆಲಸಕ್ಕೆ ಆರಿಸಲು ಕಾರಣ. ಉಣುಗೂ ಕಾಣದಿರಲು ಅದೇ ಕಾರಣ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಬಲವಾಗಿ ಹಿಡಿಸಿದರೆ ಎಷ್ಟು ಲಾಭ ಎಂಬುದನ್ನು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಹೊರಾಂಗಣ ಕೆಲಸಗಾರರ ಮೇಲೆ ಅಳೆದು ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಅಂಥ ಸಮವಸ್ತ್ರ ತೊಟ್ಟವರಿಗೆ ಮೊದಲ ವರ್ಷ ಉಣುಗು ಕಚ್ಚುವುದು ಶೇ 82ರಷ್ಟು ಕಡಿಮೆಯಾಯಿತು. ಎರಡನೆಯ ವರ್ಷ ಒಗೆದೂ ಒಗೆದೂ ರಕ್ಷಣೆ ಶೇ 34ಕ್ಕೆ ಇಳಿಯಿತು. ಎರಡೂ ಅಂಕಿ ಮುಖ್ಯ. ಮೊದಲನೆಯದು ಬಟ್ಟೆಯ ಬಲವನ್ನು ತೋರಿಸಿದರೆ ಎರಡನೆಯದು ವರ್ಷಕ್ಕೊಮ್ಮೆ ಹೊಸದು ಕೊಡಬೇಕೆಂಬುದನ್ನು ತೋರಿಸುತ್ತದೆ. ಮಲೇರಿಯಾ ತಡೆಗೆ ಸರ್ಕಾರವೇ ಹಂಚುವ ಸೊಳ್ಳೆಪರದೆಗೆ ಇದೇ ಗುಂಪಿನ ಔಷಧಿ ಹಿಡಿಸಿರುತ್ತಾರೆ. ಅರಣ್ಯ ಕಾವಲುಗಾರರಿಗೂ ಬೆಟ್ಟಕ್ಕೆ ಹೋಗುವವರಿಗೂ ಅಂಥ ಮೇಲಂಗಿ, ಕಾಲುಚೀಲ ಹೊಲಿಸಿ ಮಲೆನಾಡಿನಲ್ಲೇ ಪರೀಕ್ಷಿಸುವುದು ದೊಡ್ಡ ಸಾಹಸವೇನಲ್ಲ.

ಬಟ್ಟೆ ಮುಚ್ಚದ ಕೈಕಾಲಿಗೆ ಎಣ್ಣೆ. ಮೊದಲು ಆರೋಗ್ಯ ಇಲಾಖೆ ಡಿಎಂಪಿ ಎಣ್ಣೆ ಹಂಚುತ್ತಿತ್ತು. ಈಚಿನ ವರ್ಷಗಳಲ್ಲಿ ಹಂಚುತ್ತಿರುವುದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ರೂಪಿಸಿದ ಡೆಪಾ. ಇವು ಉಣುಗನ್ನು ಕೊಲ್ಲುವ ವಿಷಗಳಲ್ಲ. ಚರ್ಮದ ಮೇಲಿನ ಅವುಗಳ ವಾಸನೆಗೆ ಉಣುಗು ಹತ್ತಿರ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಬೆವರು ಹರಿದಂತೆ, ಆ ತಡೆ ತೆಳುವಾಗುತ್ತದೆ. ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆಯವರೆಗೆ ನಂಬಿಕೊಂಡಿದ್ದರೆ ಮಧ್ಯಾಹ್ನದ ಮೇಲಿನ ಹೊರೆಗೆ ರಕ್ಷಣೆ ಇಲ್ಲದಂತೆಯೇ. ಸೀಸೆಯನ್ನು ಕತ್ತಿಯ ಜೊತೆ ಸೊಂಟಕ್ಕೆ ಕಟ್ಟಿಕೊಂಡು ಹೋಗುವುದು, ಗಂಜಿಗೆ ಕೂರುವ ಮುನ್ನ ಕೈ ತೊಳೆದು ಉಂಡು ಮತ್ತೆ ಹಚ್ಚುವುದು ರೂಢಿಗೆ ಬರಬೇಕು. ಎಣ್ಣೆ ಅಂಟಂಟು, ಸೆಕೆಗೆ ಮೈ ಉರಿಯುತ್ತದೆ, ವಾಸನೆ ಸೇರುವುದಿಲ್ಲ ಎಂಬ ದೂರು ಊರೂರಲ್ಲಿದೆ. ಈ ದೂರನ್ನು ಜನರ ಅಸಡ್ಡೆ ಎಂದು ತಳ್ಳಿಹಾಕುವುದು ತಪ್ಪು. ಮಾರ್ಚ್‌ನ ಬಿಸಿಲಲ್ಲಿ ಹೊರೆ ಹೊರುವವರ ಮೈಯ ಮಾತು ಅದು. ಅಂಟದ, ಬೆವರಿಗೆ ಬೇಗ ಇಳಿಯದ ಮುಲಾಮು ತಯಾರಿಸಿ ಎಂದು ತಯಾರಕರನ್ನು ಕೇಳಬೇಕಾದದ್ದು ಕೊಳ್ಳುವ ಸರ್ಕಾರ.

ಮಲೆನಾಡಿಗೆ ಇರುವ ಇನ್ನೊಂದು ಬಲ ಬಚ್ಚಲ ಹಂಡೆ. ಉಣುಗು ಜಾಗ ಹುಡುಕಿ ಅಲೆಯುವ ಹೊತ್ತಿನಲ್ಲೇ ಮೈ ತೊಳೆದರೆ ಅದು ಕೊಚ್ಚಿಹೋಗುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಉಣುಗಿನಿಂದಲೇ ಬರುವ ಲೈಮ್ ಕಾಯಿಲೆಯ ಬಗ್ಗೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಗಳದ ಕೆಲಸ ಮುಗಿಸಿ ಎರಡು ಗಂಟೆಯೊಳಗೆ ಸ್ನಾನ ಮಾಡಿದವರಿಗೆ ಕಾಯಿಲೆ ಕಡಿಮೆ ಎಂಬುದು ಕಂಡುಬಂತು. ದರಕಿನ ಹೊರೆ ಇಳಿಸಿದ ಕೂಡಲೇ, ಮಕ್ಕಳನ್ನು ಎತ್ತಿಕೊಳ್ಳುವ ಮೊದಲು, ಒಲೆ ಹಚ್ಚುವ ಮೊದಲು ಬಚ್ಚಲಿಗೆ ಹೋಗಬೇಕು. ಬೆಟ್ಟಕ್ಕೆ ಹೋದವಳಿಗೇ ಬಂದ ಕೂಡಲೇ ಅಡುಗೆ, ಹಾಲು ಕರೆಯುವ ಕೆಲಸ ಕಾದಿರುವ ಮನೆಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಅವಳ ಆ ಅರ್ಧ ಗಂಟೆಯನ್ನು ಉಳಿದವರು ಬಿಟ್ಟುಕೊಡಬೇಕು, ನೀರು ಕಾಯಿಸಿಡಬೇಕು. ತೊಟ್ಟ ಬಟ್ಟೆಯನ್ನು ಗೂಟಕ್ಕೆ ನೇತುಹಾಕಿದರೆ ಉಣುಗು ಮನೆಯೊಳಗೆ ಬಂದಂತೆ. ತಣ್ಣೀರಿನ ಒಗೆತಕ್ಕೆ ಅದು ಸಾಯುವುದಿಲ್ಲ, ಕುದಿನೀರಿಗೆ ಹಾಕಬೇಕು. ಅನಂತರ ಬೆಳಕಿಗೆ ನಿಂತು ಸಂದುಗೊಂದು ನೋಡಿಕೊಳ್ಳುವುದು, ಕಾಣದ ಬೆನ್ನು, ಕಿವಿಯ ಹಿಂಭಾಗ, ಕೂದಲಿನಂಚನ್ನು ಮನೆಯವರಿಂದ ನೋಡಿಸುವುದು.

ಅಂತರ್ಜಾಲದಲ್ಲಿ ಹುಡುಕಿದವರಿಗೆ ಇಲ್ಲೊಂದು ತಪ್ಪು ಧೈರ್ಯ ಸಿಗುವ ಅಪಾಯವಿದೆ. ಉಣುಗು ಕಚ್ಚಿ ಒಂದು ದಿನದೊಳಗೆ ಕಿತ್ತರೆ ಚಿಂತೆಯಿಲ್ಲ ಎಂಬ ಸಲಹೆ ಅಲ್ಲಿ ಧಾರಾಳವಾಗಿದೆ. ಅದು ಲೈಮ್ ಕಾಯಿಲೆಗೆ ಸೇರಿದ ಮಾತು. ಅದರ ರೋಗಾಣು ಬ್ಯಾಕ್ಟೀರಿಯಾ, ಉಣುಗಿನ ಹೊಟ್ಟೆಯಿಂದ ಹೊರಟು ನಮ್ಮ ಮೈ ಸೇರಲು ಅದಕ್ಕೆ ಸಮಯ ಬೇಕು. ಮಂಗನ ಕಾಯಿಲೆಯದು ವೈರಾಣು. ಇದೇ ವಂಶಕ್ಕೆ ಸೇರಿದ, ಉಣುಗಿನಿಂದಲೇ ಹರಡುವ ಉತ್ತರ ಅಮೆರಿಕದ ಪೊವಾಸನ್ ವೈರಾಣು ಹದಿನೈದೇ ನಿಮಿಷದಲ್ಲಿ ದಾಟಬಲ್ಲದು ಎಂದು ಇಲಿಗಳ ಮೇಲಿನ ಪ್ರಯೋಗ ತೋರಿಸಿದೆ. ಆದ್ದರಿಂದ ನಮ್ಮಲ್ಲಿ ಕಿತ್ತು ಹಾಕುವುದಕ್ಕಿಂತ ಕಚ್ಚದಂತೆ ನೋಡಿಕೊಳ್ಳುವುದಕ್ಕೇ ಹೆಚ್ಚು ತೂಕ. ಕಚ್ಚಿದ್ದು ಕಂಡರೆ ತೆಳು ತುದಿಯ ಚಿಮುಟದಿಂದ ಚರ್ಮಕ್ಕೆ ಒತ್ತಿದಂತೆ ಅದರ ಮೂತಿಯ ಬಳಿ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು, ಜಾಗವನ್ನು ಸೋಪಿನಿಂದ ತೊಳೆಯಬೇಕು. ಬೆರಳಲ್ಲಿ ಹಿಸುಕಬಾರದು. ಸುಣ್ಣ, ಸೀಮೆಎಣ್ಣೆ, ಬೀಡಿಯ ಕಿಡಿ ಯಾವುದೂ ಬೇಡ. ಅವುಗಳಿಂದ ಉಣುಗು ಬಿಡುವ ತನಕ ಕಾಯುವ ಹೊತ್ತೆಲ್ಲ ಅದಕ್ಕೆ ಕೊಟ್ಟ ಹೊತ್ತು.

ಇಷ್ಟೆಲ್ಲ ಯಾಕೆ, ಅಜ್ಜನ ಕಾಲದಿಂದ ಉಣುಗು ಕಚ್ಚಿಸಿಕೊಂಡೇ ಬದುಕಿದ್ದೇವೆ ಎಂಬುದು ಹಳ್ಳಿಗಳಲ್ಲಿ ಕೇಳಿಬರುವ ಬಲವಾದ ಪ್ರತಿವಾದ. ಅದರಲ್ಲಿ ನಿಜವಿದೆ. ಹೆಚ್ಚಿನ ಉಣುಗುಗಳಲ್ಲಿ ವೈರಾಣು ಇರುವುದಿಲ್ಲ. ವೈರಾಣು ಹೊತ್ತವು ಕೆಲವೇ ಕಡೆ ಗುಂಪಾಗಿರುತ್ತವೆ. ಕಾಯಿಲೆಯಿಂದ ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗೆಲ್ಲ ಇಳಿದು ಆ ಸುತ್ತಲಿನ ನೆಲ ಸೇರುವುದೇ ಇದಕ್ಕೆ ಕಾರಣ. ಹೀಗಾಗಿ ನೂರು ಸಲ ಕಚ್ಚಿಯೂ ಏನೂ ಆಗಿಲ್ಲ ಎಂಬ ಅನುಭವದಿಂದ ನೂರೊಂದನೆಯ ಸಲದ ಬಗ್ಗೆ ಏನೂ ತಿಳಿಯುವುದಿಲ್ಲ. ನಿನ್ನೆ ನಿರಪಾಯವಾಗಿದ್ದ ಬೆಟ್ಟದ ಮೂಲೆಯಲ್ಲಿ ರಾತ್ರಿ ಒಂದು ಮುಸಿಯ ಸತ್ತಿದ್ದರೆ ಇವತ್ತಿನ ಲೆಕ್ಕ ಬೇರೆ. ಮಂಗಗಳನ್ನೇ ಓಡಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಮಂಗ ಕಾಯಿಲೆಯನ್ನು ಬೆಳೆಸುತ್ತದೆ ನಿಜ, ಆದರೆ ಅದಿಲ್ಲದಿದ್ದರೂ ಇಲಿ, ಹೆಗ್ಗಣಗಳ ಮೈಯಲ್ಲಿ ಮರಿಗಳು ಹೊಟ್ಟೆ ಹೊರೆಯುತ್ತವೆ. ಜೊತೆಗೆ ಮಂಗದ ಸಾವು ನಮಗೆ ಸಿಗುವ ಮೊದಲ ಎಚ್ಚರಿಕೆ. ಅಟ್ಟಿದ ಮಂಗ ಸಾಯುವುದು ಯಾರ ಕಣ್ಣಿಗೂ ಬೀಳದ ಇನ್ನೊಂದು ಊರಿನ ಕಾಡಿನಲ್ಲಿ. ದರಕಿಗೆ ಬೆಂಕಿ ಕೊಟ್ಟರೆ ಉಣುಗು ಸಾಯುತ್ತದೆ ಎಂಬ ಮಾತೂ ಇದೆ. ಕೆಲವು ಸಾಯುತ್ತವೆ. ಆದರೆ ಫೆಬ್ರವರಿಯಲ್ಲಿ ಹಚ್ಚಿದ ಬೆಂಕಿ ಕೇಳಿದಲ್ಲಿ ನಿಲ್ಲುವುದಿಲ್ಲ, ತೋಟದ ಗೊಬ್ಬರವೂ ಅದರೊಂದಿಗೆ ಬೂದಿ.

ಇನ್ನೊಂದು ಪ್ರತಿವಾದ ಎದುರು ದಿಕ್ಕಿನದು: ಕಣ್ಣಿಗೇ ಕಾಣದ ಜೀವದಿಂದ ಪೂರ್ತಿ ತಪ್ಪಿಸಿಕೊಳ್ಳುವುದು ಅಸಾಧ್ಯ, ಲಸಿಕೆಗೆ ಕಾಯುವುದೇ ದಾರಿ. ಪೂರ್ತಿ ತಪ್ಪಿಸಿಕೊಳ್ಳಲಾಗದು, ಒಪ್ಪೋಣ. ಶೇ 62 ರಕ್ಷಣೆಯ ಲಸಿಕೆಯನ್ನು ನಾವು ದಶಕಗಳ ಕಾಲ ಸಾರ್ವಜನಿಕ ಹಣದಲ್ಲಿ ಕೊಟ್ಟೆವು, ಕೊಟ್ಟದ್ದು ಸರಿಯೇ. ಅದೇ ಅಳತೆಗೋಲಿನಲ್ಲಿ ಬಟ್ಟೆ, ಎಣ್ಣೆ, ಬಿಸಿನೀರು ಕೂಡಿ ಕೊಡುವ ರಕ್ಷಣೆಯೂ ಅಷ್ಟೇ ಶ್ರದ್ಧೆಗೆ ಅರ್ಹ. ಇದಕ್ಕೆ ಇನ್ನೊಂದು ಲಾಭವೂ ಇದೆ. ಕಾಡಿನ ಉಣುಗು ಹರಡುವ ಚುಕ್ಕೆಜ್ವರದಂಥ ಬೇರೆ ಕಾಯಿಲೆಗಳೂ ನಮ್ಮಲ್ಲಿವೆ. ಮಂಗನ ಕಾಯಿಲೆಯ ಲಸಿಕೆ ಎಷ್ಟೇ ಚೆನ್ನಾಗಿ ಬಂದರೂ ಅವುಗಳನ್ನು ತಡೆಯುವುದಿಲ್ಲ, ಕಾಲುಚೀಲ ತಡೆಯುತ್ತದೆ. ಕೊಡಚಾದ್ರಿ, ಕುದುರೆಮುಖಕ್ಕೆ ಚಾರಣ ಹೋಗುವವರಿಗೂ ಇದೇ ನಿಯಮ. ಕಾಲುದಾರಿಯ ನಡುವೆ ನಡೆಯುವುದು, ದರಕಿನ ಮೇಲೆ ಬರಿಮೈಯಲ್ಲಿ ಕೂರದಿರುವುದು, ಮಲಗದಿರುವುದು ಅವರಿಗೆ ಕಷ್ಟವಲ್ಲ.

ಸರ್ಕಾರದ ಪಾಲಿನ ಕೆಲಸ ಶುರುವಾಗಬೇಕಾದದ್ದು ನವೆಂಬರಿನಲ್ಲಿ, ಮೊದಲ ಸಾವಿನ ಸುದ್ದಿ ಪತ್ರಿಕೆಗೆ ಬಂದ ಮೇಲಲ್ಲ. ದರಕಿನ ಕಾಲಕ್ಕೆ ಮೊದಲೇ ಎಣ್ಣೆ ಪ್ರತಿ ಮನೆಗೆ, ಕೆಲಸಕ್ಕೆ ಹೋಗುವವರ ತಲೆಯೆಣಿಸಿ, ಕಾಲ ಮುಗಿಯುವ ತನಕ ಸಾಲುವಷ್ಟು ಮುಟ್ಟಬೇಕು. ತೋಟದ ಕೂಲಿಗೆ ಬರುವವರನ್ನೂ ಎಣಿಕೆಯಲ್ಲಿ ಸೇರಿಸಬೇಕು. ಅವರಿಗೆ ಬೆಟ್ಟವೂ ಇಲ್ಲ, ಪಡಿತರದಂತೆ ಪಟ್ಟಿಯಲ್ಲಿ ಹೆಸರೂ ಇಲ್ಲ, ಆದರೆ ಹೊರೆ ಹೊರುವವರು ಬಹಳ ಕಡೆ ಅವರೇ. ದನಗಳ ಮೈಯ ಉಣುಗಿಗೆ ಪಶುವೈದ್ಯರ ಔಷಧಿ ಮಳೆಗಾಲದಲ್ಲೇ ಸಿಗಬೇಕು, ಯಾಕೆಂದರೆ ಮೊಟ್ಟೆಯಿಡುವ ತಾಯಿ ಆಗ ಇರುವುದು ದನದ ಮೇಲೆ. ಸತ್ತ ಮಂಗ ಕಂಡವರು ಮುಟ್ಟದೆ, ಆ ಜಾಗದಿಂದ ದೂರ ಸರಿದು, ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಪಂಚಾಯಿತಿಗೋ ಅಂದೇ ತಿಳಿಸಬೇಕು. ಅಲ್ಲಿಗೆ ಕೀಟನಾಶಕದ ಪುಡಿ ಬೀಳುವವರೆಗೆ ಆ ಬೆಟ್ಟದಲ್ಲಿ ದರಕು ಗುಡಿಸಬಾರದು. ಕಾಡಿಗೆ ಹೋಗಬೇಡಿ ಎಂಬ ಮಾತಿಗೆ ಅರ್ಥ ಬರುವುದು ಇಂಥ ಕಡೆ. ಇಂತಿಂಥ ಜಾಗಕ್ಕೆ, ಇಷ್ಟು ದಿನ, ಇಂಥ ಕಾರಣಕ್ಕೆ ಎಂದು ಹೇಳಿದರೆ ಜನ ಕೇಳುತ್ತಾರೆ. ಆ ದಿನಗಳಿಗೆ ಬದಲಿ ಸೊಪ್ಪನ್ನೋ ಕೂಲಿಯನ್ನೋ ಕೊಟ್ಟರೆ ಇನ್ನೂ ಹೆಚ್ಚು ಕೇಳುತ್ತಾರೆ.

ಇಷ್ಟಾಗಿಯೂ ಕೆಲವರಿಗೆ ಕಚ್ಚುತ್ತದೆ. ಕಚ್ಚಿ ಮೂರರಿಂದ ಎಂಟು ದಿನದೊಳಗೆ ಏಕಾಏಕಿ ಜ್ವರ, ಹಣೆನೋವು, ಮೈ ಮುರಿಯುವಂಥ ನೋವು ಬಂದರೆ ಸಾದಾ ಜ್ವರವೆಂದು ಮಾತ್ರೆ ನುಂಗಿ ಮನೆಯಲ್ಲಿ ಕೂರಬಾರದು. ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಬೆಟ್ಟಕ್ಕೆ ಹೋಗಿದ್ದೆ, ಹತ್ತಿರದಲ್ಲಿ ಮಂಗ ಸತ್ತಿತ್ತು ಎಂಬುದನ್ನು ವೈದ್ಯರಿಗೆ ಕೇಳುವ ಮೊದಲೇ ಹೇಳಬೇಕು. ಮೊದಲ ದಿನಗಳ ರಕ್ತದಲ್ಲಿ ವೈರಾಣುವನ್ನು ನೇರವಾಗಿ ಪತ್ತೆಮಾಡಬಹುದು, ತಡವಾದರೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಜ್ವರ ಇಳಿದು ಒಂದೆರಡು ವಾರಕ್ಕೆ ಮತ್ತೆ ಏರಿ, ಕತ್ತು ಬಿಗಿದು, ಕೈಕಾಲು ನಡುಗಿ, ಮಾತು ತೊದಲುವ ಎರಡನೆಯ ಸುತ್ತು ಕೆಲವರಿಗೆ ಬರುವುದರಿಂದ, ಮೊದಲ ಜ್ವರ ಬಿಟ್ಟ ಮಾತ್ರಕ್ಕೆ ಅವರನ್ನು ಮತ್ತೆ ಬೆಟ್ಟಕ್ಕೆ ಕಳಿಸಬಾರದು. ಮನೆಯಲ್ಲಿ ಒಬ್ಬರಿಗೆ ಬಂದಿದೆ ಎಂದರೆ ಅವರ ಜೊತೆ ಅದೇ ಬೆಟ್ಟದಲ್ಲಿ ಗುಡಿಸಿದವರ ಮೈಯನ್ನೂ ಆ ಎಂಟು ದಿನ ನೋಡುತ್ತಿರಬೇಕು. ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯ ಆರೈಕೆಗೆ, ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಯಾರೂ ಹೆದರಬೇಕಾಗಿಲ್ಲ.